ಆರು ಊರು ಸುತ್ತುವ ಬದಲು ಒಂದು ಸೀಮೆ ಓದಲಿ

ನವೆಂಬರ್ ಬಂತೆಂದರೆ ರಾಜ್ಯದ ಶಾಲೆಗಳಲ್ಲಿ ಪ್ರವಾಸದ ಮಾತು ಶುರುವಾಗುತ್ತದೆ. ಸೂಚನಾ ಫಲಕಕ್ಕೆ ಅಂಟಿಸುವ ಪಟ್ಟಿ ಬಹುತೇಕ ಒಂದೇ ತೆರನಾಗಿರುತ್ತದೆ: ಬೇಲೂರು, ಹಳೇಬೀಡು, ಶೃಂಗೇರಿ, ಧರ್ಮಸ್ಥಳ, ಮುರುಡೇಶ್ವರ, ಜೋಗ. ಇಷ್ಟೂ ಮೂರು ಹಗಲು ಎರಡು ರಾತ್ರಿಯೊಳಗೆ ಮುಗಿಯಬೇಕು. ರಾತ್ರಿಯೆಲ್ಲ ಬಸ್ಸು ಓಡುತ್ತದೆ, ಬೆಳಿಗ್ಗೆ ಯಾವುದೋ ಛತ್ರದಲ್ಲಿ ಮುಖ ತೊಳೆದು ದೇವರ ದರ್ಶನ ಮಾಡಿ, ಒಂದು ಗುಂಪುಫೋಟೊ ತೆಗೆದುಕೊಂಡು ಮತ್ತೆ ಬಸ್ಸು ಹತ್ತಬೇಕು. ಸ್ಥಳದಲ್ಲಿ ನಿಂತ ಹೊತ್ತಿಗಿಂತ ಸೀಟಿನಲ್ಲಿ ಕೂತ ಹೊತ್ತೇ ಹೆಚ್ಚು. ಮಕ್ಕಳಿಗೆ ಇದರಿಂದ ಸಂತೋಷವಾಗುತ್ತದೆ, ನಿಜ. ಊರಾಚೆ ಕಾಲಿಡದ ಎಷ್ಟೋ ಮಕ್ಕಳಿಗೆ ಅದು ಬದುಕಿನ ಮೊದಲ ದೂರದ ಪಯಣ. ಆದರೆ ನಾವು ಇದಕ್ಕೆ ‘ಶೈಕ್ಷಣಿಕ ಪ್ರವಾಸ’ ಎಂದು ಹೆಸರಿಟ್ಟು, ಶಿಕ್ಷಣ ಇಲಾಖೆಯ ಅನುಮತಿ ಪಡೆದು, ಶಿಕ್ಷಕರನ್ನು ಜೊತೆಗೆ ಕಳಿಸುತ್ತೇವೆ. ಹೀಗಿರುವಾಗ ಆ ಮೂರು ದಿನದಲ್ಲಿ ಮಗು ಏನು ಕಲಿತು ಬಂತು ಎಂದು ಕೇಳುವ ಹಕ್ಕು, ಕೇಳಲೇಬೇಕಾದ ಹೊಣೆ ನಮಗಿದೆ. ನನ್ನ ವಾದ ಇಷ್ಟು: ಪ್ರವಾಸದ ಪಟ್ಟಿಯಿಂದ ಐದು ಊರುಗಳನ್ನು ಹೊಡೆದುಹಾಕಿ ಒಂದೇ ಸೀಮೆಯಲ್ಲಿ ಮೂರು ದಿನ ನಿಲ್ಲಬೇಕು. ಆ ಸೀಮೆಯ ಕಲ್ಲು, ನೀರು, ಗಿಡ, ಪ್ರಾಣಿಗಳನ್ನೂ ಅಲ್ಲಿ ಬದುಕಿದ ಜನರ ಚರಿತ್ರೆಯನ್ನೂ ಇವತ್ತು ಅಲ್ಲಿ ನಡೆಯುತ್ತಿರುವ ಉಳಿವಿನ ಜಗಳಗಳನ್ನೂ ಒಟ್ಟಿಗೇ ನೋಡಬೇಕು. ಇವು ಮೂರನ್ನು ಬೇರೆ ಬೇರೆ ಮಾಡಿ ಕಲಿಸಿದ್ದರಿಂದಲೇ ನಮ್ಮ ಮಕ್ಕಳಿಗೆ ಪರಿಸರವೆಂದರೆ ಗಿಡ ನೆಡುವ ದಿನ, ಚರಿತ್ರೆಯೆಂದರೆ ರಾಜರ ಇಸವಿ ಎಂಬಷ್ಟೇ ತಿಳಿವಳಿಕೆ ಉಳಿದಿದೆ.

ಹೇಳುವುದು ಸುಲಭ, ಅಂಥ ಸೀಮೆ ಎಲ್ಲಿದೆ ಎಂದು ಕೇಳಬಹುದು. ರಾಜ್ಯದಲ್ಲಿ ಹಲವಿವೆ. ಒಂದನ್ನೇ ಬಿಡಿಸಿ ನೋಡೋಣ: ಬಳ್ಳಾರಿ, ಹೊಸಪೇಟೆ, ಸಂಡೂರು. ಈ ಮೂರು ಊರುಗಳ ನಡುವೆ ಎಲ್ಲಿಂದ ಎಲ್ಲಿಗೆ ಹೋದರೂ ಒಂದು, ಹೆಚ್ಚೆಂದರೆ ಒಂದೂವರೆ ಗಂಟೆಯ ದಾರಿ. ಶಾಲೆಯ ಬಸ್ಸುಗಳು ಇಲ್ಲಿಗೂ ಬರುತ್ತವೆ. ಬಂದು ವಿರೂಪಾಕ್ಷ ದೇವಸ್ಥಾನ, ಕಲ್ಲಿನ ರಥ, ಕಮಲ ಮಹಲು ನೋಡಿ, ಸಂಜೆಗೆ ತುಂಗಭದ್ರಾ ಅಣೆಕಟ್ಟಿನ ಉದ್ಯಾನದಲ್ಲಿ ಇಳಿದು, ರಾತ್ರಿ ಊಟ ಮುಗಿಸಿ ಹೊರಟುಬಿಡುತ್ತವೆ. ಅದೇ ಮಕ್ಕಳನ್ನು ಅಲ್ಲೇ ಮೂರು ದಿನ ಉಳಿಸಿಕೊಂಡರೆ ಏನೇನು ಕಾಣಬಹುದು ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಏಕೆಂದರೆ ನನ್ನ ವಾದದ ಬಲವೆಲ್ಲ ಆ ವಿವರಗಳಲ್ಲೇ ಇದೆ.

ಬಳ್ಳಾರಿ ಪಕ್ಕದ ಸಂಗನಕಲ್ಲು, ಕಪ್ಪಗಲ್ಲು ಗುಡ್ಡಗಳಿಂದ ಶುರು ಮಾಡೋಣ. ಇಲ್ಲಿ ಸುಮಾರು ಐದು ಸಾವಿರ ವರ್ಷಗಳ ಹಿಂದೆ ನವಶಿಲಾಯುಗದ ಜನ ನೆಲೆನಿಂತಿದ್ದರು. ಗ್ರಾನೈಟ್ ಗುಡ್ಡವನ್ನು ಸೀಳಿಕೊಂಡು ಎದ್ದಿರುವ ಡೋಲರೈಟ್ ಎಂಬ ಕಪ್ಪು ಶಿಲೆಯ ಸಾಲನ್ನು ಒಡೆದು ಕಲ್ಲಿನ ಕೊಡಲಿ ಮಾಡುತ್ತಿದ್ದರು. ಅದು ಒಂದೆರಡು ಕೊಡಲಿಯ ಕೆಲಸವಲ್ಲ, ದೊಡ್ಡ ಕಾರ್ಖಾನೆಯ ಕೆಲಸ. ಕಪ್ಪು ಬಂಡೆಗಳ ಮೇಲೆ ಡುಬ್ಬದ ದನಗಳನ್ನು ಕುಟ್ಟಿ ಬಿಡಿಸಿದ್ದಾರೆ. ಕೆಲವು ಬಂಡೆಗಳನ್ನು ಕಲ್ಲಿನಿಂದ ಬಡಿದರೆ ಗಂಟೆಯಂತೆ ನಾದ ಹೊಮ್ಮುತ್ತದೆ. ಉತ್ಖನನದಲ್ಲಿ ಸಿಕ್ಕ ಸುಟ್ಟ ಕಾಳುಗಳಿಂದ ಅವರ ಊಟ ಏನೆಂಬುದೂ ಗೊತ್ತಾಗಿದೆ: ಹುರುಳಿ, ಹೆಸರು, ಕೊರಲೆಯಂಥ ಸಿರಿಧಾನ್ಯ. ಇವತ್ತು ಅಂಗಡಿಗಳಲ್ಲಿ ದುಬಾರಿ ಬೆಲೆಗೆ ಮಾರುವ ಕೊರಲೆ ಈ ಗುಡ್ಡದ ಮೇಲಿನ ಒಲೆಗಳಲ್ಲಿ ನಾಲ್ಕು ಸಾವಿರ ವರ್ಷದ ಹಿಂದೆಯೇ ಬೆಂದಿತ್ತು ಎಂದರೆ ಎಂಟನೇ ತರಗತಿಯ ಮಗುವಿಗೆ ಚರಿತ್ರೆ ತನ್ನ ತಟ್ಟೆಯವರೆಗೆ ಬಂದಂತಾಗುತ್ತದೆ. ಇನ್ನು ಕುಡುತಿನಿಯ ಬೂದಿ ದಿಬ್ಬ, ಹಂಪಿ ಹತ್ತಿರದ ನಿಂಬಾಪುರದ ಬೂದಿ ದಿಬ್ಬ. ನಿಂಬಾಪುರದ್ದನ್ನು ಜನ ವಾಲಿಯನ್ನು ಸುಟ್ಟ ಬೂದಿ ಎಂದು ನಂಬುತ್ತ ಬಂದಿದ್ದಾರೆ. ಇಂಥ ದಿಬ್ಬಗಳು ದನದ ಕೊಟ್ಟಿಗೆಯ ಸಗಣಿ ವರ್ಷಗಟ್ಟಲೆ ರಾಶಿಬಿದ್ದು, ಅದನ್ನು ಮತ್ತೆ ಮತ್ತೆ ಸುಟ್ಟು ಬೆಳೆದವು ಎಂಬುದನ್ನು ಪುರಾತತ್ವಜ್ಞರು ಅಗೆದು ತೋರಿಸಿದ್ದಾರೆ. ಎರಡನ್ನೂ ಮಕ್ಕಳಿಗೆ ಹೇಳಬೇಕು. ಜನರ ಕತೆಯನ್ನು ನಗೆಗೀಡು ಮಾಡದೆ, ಅಗೆತದ ಸಾಕ್ಷ್ಯವನ್ನೂ ಮುಚ್ಚಿಡದೆ, ಒಂದು ನಂಬಿಕೆಗೂ ಒಂದು ಸಾಬೀತಿಗೂ ಇರುವ ಅಂತರವನ್ನು ದಿಬ್ಬದ ಬುಡದಲ್ಲೇ ನಿಂತು ವಿವರಿಸಬಹುದು. ಇಷ್ಟೆಲ್ಲ ಇರುವ ಗುಡ್ಡದ ಬಂಡೆಚಿತ್ರಗಳಿಗೆ ಜಲ್ಲಿ ಕಲ್ಲಿನ ಗಣಿಗಾರಿಕೆಯಿಂದ ಕುತ್ತು ಬಂದಿದೆ ಎಂದು ಸಂಶೋಧಕರು ಎರಡು ದಶಕಗಳ ಹಿಂದೆಯೇ ಎಚ್ಚರಿಸಿದ್ದರು. ಚರಿತ್ರೆಯ ಪಾಠ ಅಲ್ಲಿಗೇ ಸಂರಕ್ಷಣೆಯ ಪಾಠವೂ ಆಗುತ್ತದೆ.

ಹಂಪಿಯಲ್ಲಿ ಮಕ್ಕಳಿಗೆ ನಾವು ತೋರಿಸುವುದು ಕಲ್ಲು, ತೋರಿಸದೆ ಬಿಡುವುದು ನೀರು. 1336ರಲ್ಲಿ ನೆಲೆಗೊಂಡ ವಿಜಯನಗರ ಮಳೆ ಕಡಿಮೆಯ ಈ ಬಂಡೆಗಾಡಿನಲ್ಲಿ ಅಷ್ಟು ದೊಡ್ಡ ನಗರವಾಗಿ ಬೆಳೆದದ್ದು ಹೇಗೆ ಎಂಬ ಪ್ರಶ್ನೆಗೆ ಉತ್ತರ ಅಲ್ಲಿನ ಕಾಲುವೆಗಳಲ್ಲಿದೆ. ನದಿಗೆ ಅಡ್ಡಲಾಗಿ ಕಲ್ಲಿನ ಒಡ್ಡು ಹಾಕಿ ತಿರುಗಿಸಿದ ತುರ್ತು ಕಾಲುವೆ, ಬಸವಣ್ಣ ಕಾಲುವೆ, ರಾಯ ಕಾಲುವೆಗಳಲ್ಲಿ ಇಂದಿಗೂ ನೀರು ಹರಿಯುತ್ತದೆ, ಬಾಳೆ, ಕಬ್ಬು, ಭತ್ತ ಬೆಳೆಯುತ್ತದೆ. ಸಾಮ್ರಾಜ್ಯ ಬಿದ್ದುಹೋಗಿ ನಾಲ್ಕೂವರೆ ಶತಮಾನ ಕಳೆದರೂ ಅದರ ನೀರಾವರಿ ದುಡಿಯುತ್ತಲೇ ಇದೆ. ಕಾಲುವೆಯ ದಡದಲ್ಲಿ ನಡೆದ ಮಕ್ಕಳನ್ನು ಅದೇ ಮಧ್ಯಾಹ್ನ ಕೆಲವೇ ಕಿಲೋಮೀಟರ್ ದೂರದ ತುಂಗಭದ್ರಾ ಅಣೆಕಟ್ಟಿಗೆ ಕರೆದೊಯ್ಯಬೇಕು. 1953ರಲ್ಲಿ ಸಿದ್ಧವಾದ ಈ ಜಲಾಶಯದಲ್ಲಿ ಆಗ ಸುಮಾರು 133 ಟಿಎಂಸಿ ಅಡಿ ನೀರು ಹಿಡಿಯುತ್ತಿತ್ತು. ಹೂಳು ತುಂಬಿ ಈಗ ಸುಮಾರು 105ಕ್ಕೆ ಇಳಿದಿದೆ. 2024ರ ಆಗಸ್ಟ್ 10ರ ರಾತ್ರಿ 33 ಗೇಟುಗಳ ಪೈಕಿ 19ನೆಯದರ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋದಾಗ, ತುಂಬಿದ ಜಲಾಶಯದ ನೀರು ನದಿಪಾಲಾಗುವುದನ್ನು ನಾಲ್ಕಾರು ಜಿಲ್ಲೆಗಳ ರೈತರು ಕಂಗಾಲಾಗಿ ನೋಡಬೇಕಾಯಿತು. ಹೂಳು ಎಲ್ಲಿಂದ ಬಂತು, ಮೇಲಿನ ಕಾಡು ಕಡಿದದ್ದಕ್ಕೂ ಇದಕ್ಕೂ ಏನು ಸಂಬಂಧ, ಖುಷ್ಕಿ ಬೆಳೆಗೆಂದು ಯೋಜಿಸಿದ್ದ ಕಾಲುವೆಯಲ್ಲಿ ಮೇಲ್ಭಾಗದವರು ಭತ್ತ ನಾಟಿ ಮಾಡಿದರೆ ರಾಯಚೂರಿನ ಕೊನೆಯಂಚಿನ ರೈತನಿಗೆ ಏನು ಉಳಿಯುತ್ತದೆ, ಸವಳು ಭೂಮಿ ಹೇಗಾಗುತ್ತದೆ? ಇವೆಲ್ಲ ಭೂಗೋಳದ ಪ್ರಶ್ನೆಗಳೂ ಹೌದು, ನ್ಯಾಯದ ಪ್ರಶ್ನೆಗಳೂ ಹೌದು. ಉದ್ಯಾನದ ಕಾರಂಜಿಯ ಮುಂದೆ ನಿಂತ ಮಗುವಿಗೆ ಇವುಗಳಲ್ಲಿ ಒಂದೂ ಹೊಳೆಯುವುದಿಲ್ಲ.

ಮರುದಿನ ದರೋಜಿ. ಬಿಳಿಕಲ್ಲು ಗುಡ್ಡದ ಸುತ್ತಲಿನ ಈ ಕರಡಿಧಾಮ ಘೋಷಣೆಯಾದದ್ದು 1994ರಲ್ಲಿ. ದಟ್ಟ ಕಾಡೇ ನಿಜವಾದ ಕಾಡು ಎಂದುಕೊಂಡ ಮಕ್ಕಳಿಗೆ ಈ ಕುರುಚಲು ಗಿಡ, ಮುಳ್ಳುಪೊದೆ, ಬಂಡೆಗಳ ರಾಶಿ ಮೊದಲು ನಿರಾಸೆ ತರಬಹುದು. ಆದರೆ ಕರಡಿಗೆ ಬೇಕಾದದ್ದು ಇದೇ: ಮಲಗಲು ಬಂಡೆಯ ಪೊಟರೆ, ತಿನ್ನಲು ಗೆದ್ದಲು, ಕವಳೆ, ಬಾರೆಯಂಥ ಹಣ್ಣು. ಪ್ರಪಂಚದಲ್ಲಿ ದಕ್ಷಿಣ ಭಾರತದ ಬಂಡೆಗುಡ್ಡಗಳಲ್ಲಿ ಮಾತ್ರ ಕಾಣುವ ಹಳದಿ ಕೊರಳಿನ ಪಿಕಳಾರ ಹಕ್ಕಿಯೂ ಇಲ್ಲಿದೆ. ಇಲ್ಲಿ ಬೂದಿ ದಿಬ್ಬದ ಪಾಠ ಮತ್ತೆ ಕೆಲಸಕ್ಕೆ ಬರುತ್ತದೆ. ಸಾವಿರಾರು ವರ್ಷ ದನ, ಕುರಿ ಮೇಯ್ದ ನೆಲ ಇದು. ಮನುಷ್ಯನ ಸೋಂಕಿಲ್ಲದ ಕಾಡು ಈ ಸೀಮೆಯಲ್ಲಿ ಯಾವತ್ತೂ ಇರಲಿಲ್ಲವೆಂದು ತಿಳಿದ ಮಗು, ಕುರಿಗಾಹಿಯನ್ನು ಬೇಲಿಯಾಚೆ ಇಡುವುದು ಎಷ್ಟರಮಟ್ಟಿಗೆ ಸರಿ ಎಂದು ಕೇಳಬಲ್ಲದು. ಅರಣ್ಯ ಇಲಾಖೆಯವರಿಗೂ ಅದಕ್ಕೆ ಕೊಡಲು ಗಟ್ಟಿ ಉತ್ತರವಿರುತ್ತದೆ. ಎರಡನ್ನೂ ಮಕ್ಕಳು ಕೇಳಿಸಿಕೊಳ್ಳಲಿ. ಪ್ರವಾಸಿಗರಿಗೆ ಕರಡಿ ಕಾಣಲೆಂದು ಬಂಡೆಗಳಿಗೆ ಬೆಲ್ಲದ ಪಾಕ ಸವರುವ ರೂಢಿ ಇಲ್ಲಿದೆ. ಕಾಡುಪ್ರಾಣಿಗೆ ಹೀಗೆ ಉಣಿಸುವುದು ತರವೇ, ಕರಡಿಯನ್ನು ಕಂಡ ಜನರಿಗೆ ಅದರ ಮೇಲೆ ಮೂಡುವ ಪ್ರೀತಿಯಿಂದ ಕಾಡಿಗೆ ಆಗುವ ಲಾಭ ದೊಡ್ಡದೇ ಎಂಬ ಚರ್ಚೆಗೆ ವೀಕ್ಷಣಾ ಗೋಪುರಕ್ಕಿಂತ ಒಳ್ಳೆಯ ತರಗತಿ ಸಿಗಲಾರದು. ಸಮೀಪದಲ್ಲೇ ತುಂಗಭದ್ರೆಯ 34 ಕಿಲೋಮೀಟರ್ ಹರಿವನ್ನು 2015ರಲ್ಲಿ ನೀರುನಾಯಿಗಳಿಗಾಗಿ ಸಂರಕ್ಷಿತ ಪ್ರದೇಶವೆಂದು ಸಾರಲಾಯಿತು. ದೇಶದಲ್ಲಿ ನೀರುನಾಯಿಗೆಂದೇ ಮೀಸಲಾದ ಮೊದಲ ಪ್ರದೇಶ ಅದು. ಮೀನುಗಾರನ ಬಲೆಗೂ ನೀರುನಾಯಿಯ ಹೊಟ್ಟೆಗೂ ಬೇಕಾದದ್ದು ಒಂದೇ ಮೀನು ಎಂಬುದನ್ನು ನದಿದಡದ ಬೆಸ್ತರಿಂದಲೇ ಕೇಳಬೇಕು.

ಕೊನೆಯ ದಿನ ಸಂಡೂರು. ಇಲ್ಲಿನ ಗುಡ್ಡಗಳ ಕಬ್ಬಿಣ ಸುಮಾರು 270 ಕೋಟಿ ವರ್ಷಗಳ ಹಿಂದೆ ಸಮುದ್ರದ ತಳದಲ್ಲಿ ಪದರ ಪದರವಾಗಿ ಕೂತದ್ದು. ಆ ಅದಿರಿನ ಮೇಲೆ ಎಲೆಯುದುರುವ ಕಾಡು ಬೆಳೆಯಿತು, ಕಾಡಿನ ನಡುವೆ ಸಾವಿರ ವರ್ಷಕ್ಕೂ ಹಳೆಯ ಕುಮಾರಸ್ವಾಮಿ, ಪಾರ್ವತಿ ಗುಡಿಗಳು ಎದ್ದವು. ಈ ಶತಮಾನದ ಮೊದಲ ದಶಕದಲ್ಲಿ ಚೀನಾದ ಬೇಡಿಕೆಯಿಂದ ಅದಿರಿನ ಬೆಲೆ ಏರಿದಾಗ ಏನಾಯಿತೆಂಬುದು ಕನ್ನಡದ ಓದುಗರಿಗೆ ಹೊಸದಲ್ಲ. 2011ರ ಜುಲೈಯಲ್ಲಿ ಅಕ್ರಮ ಗಣಿಗಾರಿಕೆ ಕುರಿತು ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರ ವರದಿ ಬಂತು. ಅದೇ ತಿಂಗಳು ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನು ನಿಲ್ಲಿಸಿತು. ಮುಂದೆ ಗಣಿಗಳನ್ನು ಎ, ಬಿ, ಸಿ ಎಂದು ವಿಂಗಡಿಸಿ, ಹೆಚ್ಚು ಅಕ್ರಮ ಎಸಗಿದ ಸಿ ವರ್ಗದ ಗುತ್ತಿಗೆಗಳನ್ನು 2013ರಲ್ಲಿ ರದ್ದು ಮಾಡಿತು. ಉಳಿದವು ವರ್ಷಕ್ಕೆ ಇಷ್ಟೇ ಅದಿರು ತೆಗೆಯಬೇಕೆಂಬ ಮಿತಿಯೊಂದಿಗೆ, ಪುನಶ್ಚೇತನದ ಷರತ್ತಿನೊಂದಿಗೆ ಮತ್ತೆ ಶುರುವಾದವು. ಅದಿರಿನ ಹರಾಜಿನಿಂದ ಬಂದ ಸಾವಿರಾರು ಕೋಟಿ ರೂಪಾಯಿ ಈ ಸೀಮೆಯ ಪರಿಸರ ಮತ್ತು ಜನರಿಗಾಗಿ ಮೀಸಲಿದೆ. ಇನ್ನೊಂದು ಸಂಗತಿಯನ್ನೂ ಮಕ್ಕಳು ಗಮನಿಸಬೇಕು. ಅದೇ 2011ರ ಜುಲೈಯಲ್ಲಿ ಹಂಪಿ ಬಜಾರಿನ ಸಾಲುಮಂಟಪಗಳಲ್ಲಿ ಮನೆ, ಅಂಗಡಿ ಮಾಡಿಕೊಂಡಿದ್ದ ನೂರಾರು ಕುಟುಂಬಗಳನ್ನು ಎಬ್ಬಿಸಿ ಕಟ್ಟಡಗಳನ್ನು ಕೆಡವಲಾಯಿತು. ಒಂದೇ ತಿಂಗಳು, ನಲವತ್ತು ಕಿಲೋಮೀಟರಿನ ಆಸುಪಾಸಿನಲ್ಲಿ, ಎರಡೂ ಉಳಿಸುವ ಹೆಸರಿನಲ್ಲೇ ನಡೆದ ಕಾರ್ಯಾಚರಣೆ. ಒಂದು ಕಡೆ ಬೆಟ್ಟವನ್ನು ದುಡ್ಡಿನವರಿಂದ ಉಳಿಸಲಾಯಿತು. ಇನ್ನೊಂದು ಕಡೆ ಪರಂಪರೆಯನ್ನು ಸಣ್ಣ ವ್ಯಾಪಾರಿಗಳಿಂದ ಉಳಿಸಲಾಯಿತು. ಎರಡನ್ನೂ ಒಂದೇ ಅಳತೆಯಿಂದ ಅಳೆಯಬಹುದೇ? ಗಣಿ ನಿಂತಾಗ ಕೆಲಸ ಕಳೆದುಕೊಂಡ ಲಾರಿ ಡ್ರೈವರ್, ಕೂಲಿಯವರ ಲೆಕ್ಕ ಎಲ್ಲಿ ಬರೆಯಬೇಕು? ಸಂರಕ್ಷಣೆ ಎಂಬುದು ಸದಾ ಯಾರೋ ಒಬ್ಬರ ಕೈಯಿಂದ ಏನನ್ನೋ ಬಿಡಿಸಿಕೊಳ್ಳುವ ಕೆಲಸವೂ ಆಗಿರುತ್ತದೆ ಎಂಬುದನ್ನು ಅರಿಯದ ಪರಿಸರ ಶಿಕ್ಷಣ ಅರ್ಧ ಶಿಕ್ಷಣ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಮೇಲೆ ಹೇಳಿದ ಒಂದೊಂದು ಸಂಗತಿಯೂ ಬೇರೆ ಬೇರೆ ಪಠ್ಯಪುಸ್ತಕದಲ್ಲಿ, ಬೇರೆ ಬೇರೆ ತರಗತಿಯಲ್ಲಿ, ಬೇರೆ ಬೇರೆ ಶಿಕ್ಷಕರ ಪಾಲಿಗೆ ಹಂಚಿಹೋಗಿದೆ. ನವಶಿಲಾಯುಗ ಸಮಾಜ ವಿಜ್ಞಾನದಲ್ಲಿ, ಶಿಲೆಗಳು ಭೂಗೋಳದಲ್ಲಿ, ಆಹಾರ ಸರಪಳಿ ಜೀವಶಾಸ್ತ್ರದಲ್ಲಿ, ನ್ಯಾಯಾಂಗ ಪೌರನೀತಿಯಲ್ಲಿ. ಭೂಮಿಯ ಮೇಲೆ ಇವು ಹೀಗೆ ಹಂಚಿಹೋಗಿಲ್ಲ. ಡೋಲರೈಟ್ ಸಿಕ್ಕಿದ್ದರಿಂದ ಕೊಡಲಿ, ಕೊಡಲಿಯಿಂದ ಬೇಸಾಯ, ದನದಿಂದ ಬೂದಿ ದಿಬ್ಬ, ನದಿ ತಿರುಗಿಸಿದ್ದರಿಂದ ನಗರ, ಅದಿರಿನಿಂದ ಗಣಿ, ಗಣಿಯಿಂದ ಕೋರ್ಟು. ಒಂದರ ಕೊರಳಿಗೆ ಇನ್ನೊಂದು ಜೋತುಬಿದ್ದಿದೆ. ಇದನ್ನು ಹೀಗೆ ನೋಡುವುದು ಹೊಸ ಶಿಕ್ಷಣ ಪದ್ಧತಿಯವರು ಕಂಡುಹಿಡಿದದ್ದೂ ಅಲ್ಲ. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಬಳ್ಳಾರಿ ಸೀಮೆಯ ಶಿಲೆಗಳ ಸಮೀಕ್ಷೆಗೆ ಬಂದ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್, ಕಲ್ಲು ನೋಡುತ್ತ ನೋಡುತ್ತಲೇ ಆದಿಮಾನವನ ಆಯುಧಗಳನ್ನೂ ನೆಲೆಗಳನ್ನೂ ಗುರುತಿಸಿದ. ಅವನ ಹೆಸರಿನ ವಸ್ತುಸಂಗ್ರಹಾಲಯ ಇಂದು ಬಳ್ಳಾರಿಯಲ್ಲಿದೆ. ನಿಧಾನವಾಗಿ ಒಂದು ಸೀಮೆಯನ್ನು ನೋಡಿದವನಿಗೆ ಭೂವಿಜ್ಞಾನಕ್ಕೂ ಪುರಾತತ್ವಕ್ಕೂ ನಡುವೆ ಗೋಡೆ ಕಾಣಲಿಲ್ಲ. ನಮ್ಮದೇ ಭಾಷೆಯಲ್ಲಿ ಇದಕ್ಕೆ ಇನ್ನೂ ಹತ್ತಿರದ ನಿದರ್ಶನವಿದೆ. ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ ಸಸ್ಯಶಾಸ್ತ್ರದ ವಿದ್ಯಾರ್ಥಿಗಳನ್ನು ಪಶ್ಚಿಮ ಘಟ್ಟದ ಕಾಡುಗಳಿಗೆ ಕರೆದೊಯ್ದ ಪ್ರವಾಸಗಳಿಂದ ಹುಟ್ಟಿದ ಪುಸ್ತಕ. ಗಿಡದ ಲಕ್ಷಣ, ಅದರ ಹೆಸರಿನ ಹಿಂದಿನ ಕತೆ, ಅಡುಗೆ ಔಷಧದಲ್ಲಿ ಅದರ ಬಳಕೆ, ಹುಡುಗ ಹುಡುಗಿಯರ ತಮಾಷೆ ಎಲ್ಲ ಅಲ್ಲಿ ಒಂದೇ ಹರಿವಿನಲ್ಲಿ ಬರುತ್ತವೆ. ಅದಕ್ಕೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ವಿದ್ಯಾರ್ಥಿಗಳ ಕ್ಷೇತ್ರ ಪ್ರವಾಸದ ಬಗ್ಗೆ ಇಂಥ ಶ್ರೇಷ್ಠ ಕೃತಿಯಿರುವ ಭಾಷೆಯ ಶಾಲೆಗಳಲ್ಲಿ ಕ್ಷೇತ್ರ ಪ್ರವಾಸವೇ ಇಲ್ಲ ಎಂಬುದು ನೋವಿನ ಸಂಗತಿ.

ಒಂದೇ ಸೀಮೆಯ ಪ್ರವಾಸಕ್ಕೆ ಬರುವ ಮೊದಲ ಆಕ್ಷೇಪ ಮಕ್ಕಳ ಸಂತೋಷದ್ದು. ವರ್ಷಕ್ಕೊಮ್ಮೆ ಹೊರಗೆ ಹೋಗುವ ಮಕ್ಕಳ ಕೈಗೆ ಅಲ್ಲಿಯೂ ನೋಟ್‌ಬುಕ್ಕು ಕೊಡಬೇಕೇ, ಕೋಲಾರದ ಮಗು ಕಡಲು ನೋಡಲು ಆಸೆಪಡುವುದು ತಪ್ಪೇ ಎಂದು ಪೋಷಕರು ಕೇಳುತ್ತಾರೆ. ತಪ್ಪಲ್ಲ. ಕಡಲು ನೋಡಬೇಕಾದ ಮಗುವನ್ನು ಕಡಲಿಗೇ ಕರೆದೊಯ್ಯಿರಿ. ಆದರೆ ಕಡಲಿಗೆ ಮಾತ್ರ ಕರೆದೊಯ್ಯಿರಿ. ಅಲೆ ಇಳಿದಾಗ ಬಂಡೆಗಳ ನಡುವೆ ಉಳಿಯುವ ನೀರಿನಲ್ಲಿ ಏನೇನಿದೆ, ಅಘನಾಶಿನಿ ನದಿಯ ಗಜನಿ ಗದ್ದೆಗಳಲ್ಲಿ ಉಪ್ಪುನೀರಿಗೆ ಜಗ್ಗದ ಕಗ್ಗ ಭತ್ತ ಹೇಗೆ ಬೆಳೆಯುತ್ತದೆ, ದೋಣಿಯವರಿಗೆ ಯಾವ ತಿಂಗಳು ಯಾವ ಮೀನು ಸಿಗುತ್ತದೆ ಎಂದು ಎರಡು ದಿನ ನೋಡಲಿ. ನೀರಲ್ಲಿ ಆಡುವುದಕ್ಕೂ ಆಗ ನಿಜವಾಗಿ ಹೊತ್ತು ಸಿಗುತ್ತದೆ. ಸಂತೋಷಕ್ಕೂ ಕಲಿಕೆಗೂ ವೈರವಿದೆ ಎಂಬ ನಂಬಿಕೆಯೇ ನಮ್ಮ ತರಗತಿಗಳು ಮಕ್ಕಳಿಗೆ ಮಾಡಿರುವ ದೊಡ್ಡ ಅನ್ಯಾಯ. ಬಡಿದರೆ ನಾದ ಹೊಮ್ಮುವ ಬಂಡೆಯ ಮುಂದೆ ಬೇಸರಪಡುವ ಹನ್ನೆರಡು ವರ್ಷದ ಮಗು ಇರಲಾರದು.

ಎರಡನೆಯದು, ಎಲ್ಲಕ್ಕಿಂತ ಗಂಭೀರವಾದದ್ದು, ಸುರಕ್ಷತೆ. 2024ರ ಡಿಸೆಂಬರ್ 10ರಂದು ಮುರುಡೇಶ್ವರದ ಕಡಲಲ್ಲಿ ಕೋಲಾರ ಜಿಲ್ಲೆಯ ನಾಲ್ವರು ವಿದ್ಯಾರ್ಥಿನಿಯರು ಮುಳುಗಿ ಸತ್ತರು. ಆ ಮನೆಗಳ ದುಃಖದ ಮುಂದೆ ಶಿಕ್ಷಣದ ಯಾವ ವಾದವೂ ಸಣ್ಣದೇ. ಅಂಥ ಸುದ್ದಿ ಬಂದಾಗಲೆಲ್ಲ ಪ್ರವಾಸವೇ ಬೇಡ ಎಂಬ ಕೂಗು ಏಳುವುದು ಸಹಜ. ನನ್ನ ಅಭಿಪ್ರಾಯ ಬೇರೆ. ಅಪಾಯ ಹೆಚ್ಚುವುದು ಗೊತ್ತಿಲ್ಲದ ಜಾಗಗಳ ಸಂಖ್ಯೆ ಹೆಚ್ಚಿದಷ್ಟೂ, ರಾತ್ರಿ ಪ್ರಯಾಣ ಹೆಚ್ಚಿದಷ್ಟೂ, ನಿದ್ದೆಗೆಟ್ಟ ಶಿಕ್ಷಕರ ಮೇಲೆ ಬೀಳುವ ಮಕ್ಕಳ ಸಂಖ್ಯೆ ಹೆಚ್ಚಿದಷ್ಟೂ. ಒಂದೇ ಸೀಮೆಯ ಪ್ರವಾಸದಲ್ಲಿ ಶಿಕ್ಷಕರು ಮೊದಲೇ ಹೋಗಿ ನೋಡಿ ಬರಬಹುದು, ಎಲ್ಲಿ ಸುಳಿಯಿದೆ, ಎಲ್ಲಿ ಬಂಡೆ ಜಾರುತ್ತದೆ, ಹತ್ತಿರದ ಆಸ್ಪತ್ರೆ ಎಲ್ಲಿದೆ ಎಂದು ತಿಳಿದಿರಬಹುದು. ಊರಿನವರೊಬ್ಬರನ್ನು ಜೊತೆಗೆ ಕರೆದುಕೊಳ್ಳಬಹುದು. ಹತ್ತು ಹದಿನೈದು ಮಕ್ಕಳಿಗೊಬ್ಬರಂತೆ ಹೊಣೆ ಹಂಚಬಹುದು. ರಾತ್ರಿ ಎಲ್ಲರೂ ಒಂದೇ ಕಡೆ ಮಲಗಬಹುದು. ಮೊದಲ ಬಾರಿ ಕಡಲು ಕಂಡ ನೂರು ಮಕ್ಕಳನ್ನು ಮುಕ್ಕಾಲು ಗಂಟೆ ಬಿಟ್ಟು ಮತ್ತೆ ಬಸ್ಸು ಹತ್ತಿಸುವ ವ್ಯವಸ್ಥೆಯಲ್ಲಿ ಇದು ಯಾವುದೂ ಸಾಧ್ಯವಿಲ್ಲ.

ಹಣದ ಪ್ರಶ್ನೆ ಸರಿಯಾದದ್ದೇ. ಸರ್ಕಾರಿ ಶಾಲೆಯ ಎಷ್ಟೋ ಮಕ್ಕಳು ಪ್ರವಾಸದ ದುಡ್ಡು ಹೊಂದಿಸಲಾಗದೆ ಮನೆಯಲ್ಲೇ ಉಳಿಯುತ್ತಾರೆ. ಅಂಥ ಮಕ್ಕಳಿಗೆ ಆ ಮೂರು ದಿನ ಶಾಲೆಯ ಖಾಲಿ ಬೆಂಚುಗಳು ಕೊಡುವ ಪಾಠ ಬಹಳ ಕಾಲ ಮನಸ್ಸಿನಲ್ಲಿ ಉಳಿಯುತ್ತದೆ. ಕ್ಷೇತ್ರ ಪ್ರವಾಸಕ್ಕೆ ದೂರ ಹೋಗಲೇಬೇಕೆಂಬ ನಿಯಮವಿಲ್ಲ. ನಡೆದು ಹೋಗುವಷ್ಟು ದೂರದಲ್ಲಿ ಕೆರೆ ಇಲ್ಲದ ಶಾಲೆ ನಮ್ಮ ರಾಜ್ಯದಲ್ಲಿ, ಅದರಲ್ಲೂ ಬಯಲುಸೀಮೆಯಲ್ಲಿ, ಅಪರೂಪ. ಕೆರೆಗೆ ಒಂದು ಏರಿ, ಒಂದು ತೂಬು, ಒಂದು ಕೋಡಿ ಇರುತ್ತದೆ. ಏರಿಯ ಮೇಲೆ ಒಂದು ಗುಡಿ, ಎಷ್ಟೋ ಕಡೆ ಶಾಸನ ಅಥವಾ ವೀರಗಲ್ಲು. ಬಿ.ಎಲ್. ರೈಸ್ ಅವರು 1886ರಿಂದ ಹೊರತಂದ ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳಲ್ಲಿ ಹಳೇ ಮೈಸೂರು ಸೀಮೆಯ ಸಾವಿರಾರು ಶಾಸನಗಳು ತಾಲ್ಲೂಕುವಾರು ಅಚ್ಚಾಗಿವೆ. ತಮ್ಮೂರಿನ ಕಲ್ಲಿನಲ್ಲಿ ಏನು ಬರೆದಿದೆಯೆಂದು ಆ ಪುಸ್ತಕದಲ್ಲಿ ಹುಡುಕಿ, ಕೆರೆ ಕಟ್ಟಿಸಿದವರು ಯಾರು, ಅದರ ನೀರಿನ ಪಾಲು ಯಾರಿಗಿತ್ತು, ಅದರ ರಾಜಕಾಲುವೆ ಈಗ ಯಾರ ಹೊಲದೊಳಗೆ ಸೇರಿಹೋಗಿದೆ, ಚಳಿಗಾಲದಲ್ಲಿ ಯಾವ ಹಕ್ಕಿ ಬರುತ್ತದೆ, ಮೀನು ಹಿಡಿಯುವ ಹರಾಜು ಹೇಗೆ ನಡೆಯುತ್ತದೆ ಎಂದು ಕೇಳಿ ಬರೆದರೆ, ಒಂದು ರೂಪಾಯಿ ಖರ್ಚಿಲ್ಲದೆ ಹಂಪಿಯಲ್ಲಿ ಕಲಿಯುವುದನ್ನೇ ಇಲ್ಲೂ ಕಲಿಯಬಹುದು. ಚೀಲವಿಲ್ಲದೆ ಶಾಲೆಗೆ ಬರುವ ‘ಸಂಭ್ರಮ ಶನಿವಾರ’ ಇದಕ್ಕೆ ಹೇಳಿ ಮಾಡಿಸಿದ ದಿನ. ಅರಣ್ಯ ಇಲಾಖೆಯ ‘ಚಿಣ್ಣರ ವನ ದರ್ಶನ’ದಂಥ ಕಾರ್ಯಕ್ರಮಗಳೂ ಇವೆ. ದೂರದ ಪ್ರವಾಸ ಎರಡು ವರ್ಷಕ್ಕೊಮ್ಮೆ ಇರಲಿ, ಎಲ್ಲ ಮಕ್ಕಳೂ ಬರುವಂತಿರಲಿ.

ಪರೀಕ್ಷೆ, ಪಠ್ಯ ಮುಗಿಸುವ ಒತ್ತಡದ ಮಾತಿಗೆ ಹೆಚ್ಚು ಹೇಳಬೇಕಾಗಿಲ್ಲ. ಪರಿಸರ ಶಿಕ್ಷಣ ಶಾಲೆಗಳಲ್ಲಿ ಕಡ್ಡಾಯವಾಗಬೇಕೆಂದು ಎಂ.ಸಿ. ಮೆಹ್ತಾ ಅವರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ 1991ರಲ್ಲೇ ಹೇಳಿದೆ. ಎಸ್ಸೆಸ್ಸೆಲ್ಸಿಯಲ್ಲೂ ಆಂತರಿಕ ಮೌಲ್ಯಮಾಪನಕ್ಕೆ 20 ಅಂಕ ಇದೆ. ಇಂಟರ್ನೆಟ್ಟಿನಿಂದ ನಕಲು ಮಾಡಿ ಬಣ್ಣದ ಹಾಳೆಗೆ ಅಂಟಿಸುವ ಯೋಜನಾ ಕಾರ್ಯಕ್ಕೆ ಕೊಡುವ ಅಂಕವನ್ನು ಮಗು ತಾನೇ ಕಂಡು, ಕೇಳಿ, ಬರೆದ ಟಿಪ್ಪಣಿಗೆ ಕೊಡಲು ಯಾವ ನಿಯಮವೂ ಅಡ್ಡಬರುವುದಿಲ್ಲ.

ಶಿಕ್ಷಕರಿಗೆ ಇಷ್ಟೆಲ್ಲ ಗೊತ್ತಿರುತ್ತದೆಯೇ ಎಂಬ ಸಂದೇಹಕ್ಕೆ ಆಧಾರವಿದೆ. ಗೊತ್ತಿರುವುದಿಲ್ಲ, ಗೊತ್ತಿರಬೇಕೆಂದೂ ಇಲ್ಲ. ಇತಿಹಾಸದ ಶಿಕ್ಷಕಿ ಮತ್ತು ವಿಜ್ಞಾನದ ಶಿಕ್ಷಕ ಒಟ್ಟಿಗೆ ಕೂತು ಎರಡು ತಿಂಗಳು ಮೊದಲು ಒಂದು ಸೀಮೆಯ ಬಗ್ಗೆ ಓದಿಕೊಂಡರೆ ಅರ್ಧ ಕೆಲಸ ಆಯಿತು. ಇನ್ನರ್ಧವನ್ನು ಕಾಲುವೆಯ ನೀರುಗಂಟಿ, ಅರಣ್ಯ ವೀಕ್ಷಕ, ಬೆಸ್ತ, ಹತ್ತಿರದ ಪದವಿ ಕಾಲೇಜಿನ ಅಧ್ಯಾಪಕರು ಕಲಿಸುತ್ತಾರೆ. ತನಗೆ ತಿಳಿಯದ್ದನ್ನು ಶಿಕ್ಷಕ ಇನ್ನೊಬ್ಬರನ್ನು ಕೇಳಿ ತಿಳಿಯುವುದನ್ನು ಕಣ್ಣಾರೆ ಕಾಣುವುದು ಮಕ್ಕಳಿಗೆ ದೊಡ್ಡ ಪಾಠ. ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಗಳು (ಡಯಟ್) ವರ್ಷಕ್ಕೊಂದು ತರಬೇತಿಯನ್ನು ಇದಕ್ಕಾಗಿ ಮೀಸಲಿಟ್ಟು, ತಮ್ಮ ಜಿಲ್ಲೆಯ ಎರಡು ಮೂರು ಸೀಮೆಗಳ ಬಗ್ಗೆ ಹತ್ತು ಪುಟದ ಕೈಪಿಡಿ ಮಾಡಿಕೊಟ್ಟರೆ ಶಿಕ್ಷಕರ ಹೊರೆ ಬಹಳ ಇಳಿಯುತ್ತದೆ.

ಇನ್ನೊಂದು ಆಕ್ಷೇಪವನ್ನು ಜನ ಬಹಿರಂಗವಾಗಿ ಹೇಳುವುದು ಕಡಿಮೆ, ಮುಖ್ಯೋಪಾಧ್ಯಾಯರ ಮನಸ್ಸಿನಲ್ಲಿ ಮಾತ್ರ ಇದ್ದೇ ಇರುತ್ತದೆ: ಗಣಿ, ಒಕ್ಕಲೆಬ್ಬಿಸುವಿಕೆ, ನೀರಿನ ಜಗಳ ಇವೆಲ್ಲ ರಾಜಕೀಯ, ಶಾಲೆಗೆ ತರುವುದು ಅಪಾಯ. ಈ ಅಂಜಿಕೆ ನನಗೆ ಅರ್ಥವಾಗುತ್ತದೆ. ಸರ್ಕಾರಿ ನೌಕರಿಯಲ್ಲಿರುವ ಶಿಕ್ಷಕರು ಒಂದು ಪಕ್ಷದ ಪರ ಮಾತಾಡಿದಂತೆ ಕಂಡರೂ ತೊಂದರೆ. ಹಾಗಾಗಿ ತೀರ್ಪು ಕೊಡುವುದು ಅವರ ಕೆಲಸವಲ್ಲ. ಗಣಿ ಕಂಪನಿಯ ಎಂಜಿನಿಯರನ್ನೂ ಗಣಿಯ ಧೂಳು ಬಿದ್ದ ಹೊಲದ ರೈತನನ್ನೂ ಕೇಳಿ, ಕೋರ್ಟಿನ ಆದೇಶದಲ್ಲಿ ಏನಿದೆ ಎಂದು ಓದಿ, ಮಕ್ಕಳೇ ಬರೆಯಲಿ. ಹದಿಮೂರರ ಮಕ್ಕಳಿಗೆ ಇದು ಭಾರವಾಯಿತು ಎನ್ನುವವರು ಆ ಮಕ್ಕಳ ಮನೆಗಳನ್ನು ನೆನಪಿಸಿಕೊಳ್ಳಬೇಕು. ಬತ್ತಿದ ಬೋರ್‌ವೆಲ್ಲು, ಮರಳಿನ ಲಾರಿ, ಒತ್ತುವರಿಯಾದ ಗೋಮಾಳ, ಬೆಳೆಗೆ ನುಗ್ಗಿದ ಆನೆ ಇವುಗಳ ಮಾತು ಅವರು ದಿನಾ ಊಟದ ಹೊತ್ತಿನಲ್ಲಿ ಕೇಳುತ್ತಾರೆ. ಅವರಿಗೆ ಇಲ್ಲದಿರುವುದು ಈ ಮಾತುಗಳನ್ನು ಸಿಟ್ಟಿಲ್ಲದೆ, ಸಾಕ್ಷ್ಯ ಇಟ್ಟುಕೊಂಡು ಆಡುವ ಜಾಗ. ಅದನ್ನು ಶಾಲೆ ಕೊಡದಿದ್ದರೆ ಮೊಬೈಲು ಕೊಡುತ್ತದೆ, ಸಾಕ್ಷ್ಯವಿಲ್ಲದೆ. ಹಂಪಿಯನ್ನೇ ನೋಡಿ: ಆನೆಗೊಂದಿಯ ಜನ ಹರಗೋಲು ನಂಬಿ ಬದುಕುವುದು ಸಾಕೆಂದು ಸೇತುವೆ ಬಯಸಿದರು. ಹಂಪಿ ಬಳಿ ಕಟ್ಟತೊಡಗಿದ ಸೇತುವೆಗಳಿಂದಾಗಿ ಯುನೆಸ್ಕೊ 1999ರಲ್ಲಿ ಆ ತಾಣವನ್ನು ಅಪಾಯದಲ್ಲಿರುವ ಪರಂಪರೆಯ ಪಟ್ಟಿಗೆ ಸೇರಿಸಿತು. 2006ರವರೆಗೆ ಅದು ಆ ಪಟ್ಟಿಯಲ್ಲೇ ಇತ್ತು. ಆನೆಗೊಂದಿಯ ಸೇತುವೆ 2009ರಲ್ಲಿ ಕಟ್ಟುವಾಗಲೇ ಕುಸಿದು ಕಾರ್ಮಿಕರು ಸತ್ತರು. ಇಲ್ಲಿ ಖಳನಾಯಕ ಯಾರೂ ಇಲ್ಲ, ಸರಿಯಾದ ಎರಡು ಬೇಡಿಕೆಗಳಿವೆ. ಇಂಥ ಪ್ರಸಂಗವನ್ನು ಅರಿತ ಮಗು ಮುಂದೆ ಗ್ರಾಮಸಭೆಯಲ್ಲಿ ಕೂತಾಗ ಎದುರಿನವನ ಮಾತನ್ನೂ ಕೇಳಿಸಿಕೊಳ್ಳುತ್ತದೆ.

ಮಕ್ಕಳ ದಂಡಿನಿಂದ ನಾಜೂಕಾದ ಜಾಗಗಳಿಗೇ ಹಾನಿಯಾಗುತ್ತದೆ ಎಂಬುದೂ ನಿಜ. ನಾದದ ಬಂಡೆಗಳನ್ನು ವರ್ಷಕ್ಕೆ ಹತ್ತು ಸಾವಿರ ಮಕ್ಕಳು ಬಡಿದರೆ ಅಲ್ಲಿನ ಗುರುತುಗಳು ಉಳಿಯುವುದಿಲ್ಲ. ಆದ್ದರಿಂದ ತಂಡ ಸಣ್ಣದಿರಬೇಕು, ನವೆಂಬರ್–ಡಿಸೆಂಬರಿಗೆ ಮಾತ್ರ ಜೋತುಬೀಳದೆ ಜೂನ್‌ನಿಂದ ಫೆಬ್ರವರಿಯವರೆಗೆ ಹಂಚಿಕೊಳ್ಳಬೇಕು, ಒಂದೇ ಹಂಪಿಗೆ ಎಲ್ಲರೂ ಮುಗಿಬೀಳುವ ಬದಲು ಆಯಾ ಜಿಲ್ಲೆಯ ಸೀಮೆಗಳಿಗೆ ಹೋಗಬೇಕು. ಮಕ್ಕಳು ಪಡೆದಷ್ಟನ್ನು ಆ ನೆಲಕ್ಕೆ ಮರಳಿಸುವ ದಾರಿಯೂ ಇದೆ. ಜೀವವೈವಿಧ್ಯ ಕಾಯ್ದೆ 2002ರ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಊರಿನ ಗಿಡ, ಪ್ರಾಣಿ, ತಳಿ, ತಿಳಿವಳಿಕೆಗಳ ದಾಖಲಾತಿ ಅಲ್ಲಿ ಇರಬೇಕು. ಎಷ್ಟೋ ಕಡೆ ಈ ದಾಖಲಾತಿ ಕಾಗದದ ಲೆಕ್ಕಕ್ಕಷ್ಟೇ ಇದೆ. ಮಕ್ಕಳ ಕ್ಷೇತ್ರ ಟಿಪ್ಪಣಿಗಳು ವರ್ಷ ವರ್ಷ ಅದಕ್ಕೆ ಸೇರುತ್ತ ಹೋದರೆ, ಯಾವ ಹಕ್ಕಿ ಬರುವುದು ನಿಂತಿತು, ಯಾವ ಬಾವಿ ಬತ್ತಿತು, ಯಾವ ತಳಿ ಮರೆಯಾಯಿತು ಎಂಬುದಕ್ಕೆ ಪಂಚಾಯಿತಿಯ ಬಳಿ ಆಧಾರ ಇರುತ್ತದೆ.

ಶಿಕ್ಷಣ ಇಲಾಖೆ ಮಾಡಬೇಕಾದದ್ದು ದೊಡ್ಡದೇನಲ್ಲ. ಪ್ರವಾಸದ ಅನುಮತಿ ಕೋರುವ ಅರ್ಜಿಯಲ್ಲಿ ವಾಹನ, ಮಕ್ಕಳ ಸಂಖ್ಯೆ, ಪೋಷಕರ ಒಪ್ಪಿಗೆಗಳ ಜೊತೆಗೆ ಎರಡು ಕಾಲಂ ಸೇರಿಸಬೇಕು. ಏನನ್ನು ಅಧ್ಯಯನ ಮಾಡುತ್ತೀರಿ, ಮರಳಿ ಬಂದ ಮೇಲೆ ಮಕ್ಕಳು ಏನನ್ನು ಬರೆದುಕೊಡುತ್ತಾರೆ? ಮೂರು ದಿನಕ್ಕೆ ಒಂದಕ್ಕಿಂತ ಹೆಚ್ಚು ಸೀಮೆಯ ಹೆಸರಿದ್ದರೆ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಅದನ್ನು ವಾಪಸ್ ಕಳಿಸಬೇಕು. ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸದಸ್ಯರು ಮುಂದಿನ ಸಭೆಯಲ್ಲಿ ಪ್ರವಾಸದ ಪಟ್ಟಿ ಮುಂದೆ ಬಂದಾಗ, ಎಷ್ಟು ಸ್ಥಳ ತೋರಿಸುತ್ತೀರಿ ಎಂದು ಕೇಳುವ ಬದಲು ಎಷ್ಟು ಹೊತ್ತು ನಿಲ್ಲುತ್ತೀರಿ ಎಂದು ದಯವಿಟ್ಟು ಕೇಳಲಿ.